ಅವಳು ಯಾರನ್ನು ನೋಡುತ್ತಿದ್ದಾಳೆ?

ಮೈಸೂರಿನ ನಮ್ಮ ತವರುಮನೆಯ ನಡುಮನೆಯಲ್ಲಿ ಒಂದು ಚಿತ್ರ ಇತ್ತು. ದೇವರ ಪಟಗಳ ಸಾಲಿನಲ್ಲಲ್ಲ, ಎದುರಿನ ಗೋಡೆಯಲ್ಲಿ, ಗಡಿಯಾರದ ಪಕ್ಕಕ್ಕೆ. ಸುಮಾರು ಎರಡಡಿ ಎತ್ತರ, ಒಂದೂವರೆ ಅಡಿ ಅಗಲದ ಎಣ್ಣೆಬಣ್ಣದ ಚಿತ್ರ. ಹದಿನೆಂಟರ ಹುಡುಗಿಯೊಬ್ಬಳು ಕಿಟಕಿ ಕಟ್ಟೆಯ ಮೇಲೆ ಕೂತಿದ್ದಾಳೆ. ಮಡಿಲಲ್ಲಿ ಮಲ್ಲಿಗೆ ಮೊಗ್ಗು, ಕೈಯಲ್ಲಿ ಅರ್ಧ ಕಟ್ಟಿದ ದಂಡೆ, ಬೆರಳಿಗೆ ಸುತ್ತಿಕೊಂಡ ಬಾಳೆನಾರು. ಯಾರೋ ಏನೋ ಹೇಳಿದ್ದಾರೆ, ಇವಳಿಗೆ ನಗು ಬಂದಿದೆ, ಆದರೆ ಇನ್ನೂ ನಕ್ಕಿಲ್ಲ ಅನ್ನೋ ಹಾಗೆ ನೇರವಾಗಿ ನೋಡ್ತಾಳೆ. ಅವಳು ನಮ್ಮಜ್ಜಿ. ಮದುವೆಯಾಗಿ ಆ ಮನೆಗೆ ಬಂದ ಹೊಸತರಲ್ಲಿ, ಅಂದ್ರೆ 1936ರ ಸುಮಾರಿಗೆ ಬರೆದದ್ದು ಅಂತ ಅಪ್ಪ ಹೇಳ್ತಿದ್ದರು.

ಬರೆದವರು ಯಾರು? ಚಿತ್ರದ ಮೇಲೆ ಎಲ್ಲೂ ಸಹಿ ಇಲ್ಲ. ಆದರೂ ನಮ್ಮ ಮನೆಯಲ್ಲಿ ಇದಕ್ಕೆ ಸಿದ್ಧ ಉತ್ತರ ಇತ್ತು: "ಅರಮನೆ ಪೇಂಟರು." ತಾತ ಅರಮನೆಯ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಅಲ್ಲಿಯ ಚಿತ್ರಗಾರರೊಬ್ಬರು ಸ್ನೇಹಕ್ಕೆ ಬರೆದುಕೊಟ್ಟರು ಅನ್ನೋದು ಕತೆ. ಬಂದ ನೆಂಟರಿಗೆಲ್ಲ ಕಾಫಿ ಜೊತೆ ಈ ಕತೆಯೂ ಸಿಗ್ತಿತ್ತು. ಅವರೂ ಎದ್ದು ಹತ್ತಿರ ಹೋಗಿ, "ಅದಕ್ಕೇ ನೋಡಿ, ಕೈ ಎಷ್ಟು ಪಳಗಿದೆ" ಅಂತಿದ್ದರು. ಅಜ್ಜಿಯನ್ನೇ ಕೇಳಿದರೆ ಮಾತ್ರ, "ಯಾರೋ ಬರೆದ್ರು ಬಿಡೇ, ಈಗ್ಯಾಕೆ ಅದೆಲ್ಲ" ಅಂತ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗ್ತಿದ್ದಳು. ನಾವು ಅದನ್ನು ನಾಚಿಕೆ ಅಂದುಕೊಂಡೆವು.

ಅಪ್ಪ ಹೋದ ಮೇಲೆ ಮನೆ ಮಾರುವ ಮಾತು ಬಂತು. ಪಾತ್ರೆ, ಪೆಟ್ಟಿಗೆ, ಮರದ ಕಂಬ ಎಲ್ಲಕ್ಕೂ ಹಂಚಿಕೆ ಆಯ್ತು. ಚಿತ್ರದ ಹತ್ತಿರ ಬಂದಾಗ ಅಣ್ಣ, "ಅರಮನೆ ಪೇಂಟರು ಬರೆದದ್ದು, ಸುಮ್ಮನೆ ಒಬ್ಬರಿಗೆ ಕೊಡೋಕಾಗಲ್ಲ, ಬೆಲೆ ಕಟ್ಟಿಸೋಣ" ಅಂದ. ಹಳೆಯ ಚಿತ್ರಗಳನ್ನು ರಿಪೇರಿ ಮಾಡುವವರೊಬ್ಬರನ್ನು ಕರೆಸಿದ. ಮಿತಭಾಷಿ ಮನುಷ್ಯ. ಚಿತ್ರವನ್ನು ಗೋಡೆಯಿಂದ ಇಳಿಸಿ ಹಿಂದೆ ಮುಂದೆ ನೋಡಿದರು, ಕಿಟಕಿ ಬೆಳಕಿಗೆ ಓರೆಯಾಗಿ ಹಿಡಿದು ನೋಡಿದರು. ಬಣ್ಣದ ಮೇಲೆ ಕೆರೆಯಂಗಳ ಬಿರಿದ ಹಾಗೆ ಸಣ್ಣ ಸಣ್ಣ ಬಿರುಕು. ಮೇಲಿನ ವಾರ್ನಿಷು ಹಳದಿಯಾಗಿ, ಅದರ ಮೇಲೆ ಎಷ್ಟೋ ವರ್ಷದ ದೀಪದ ಮಸಿ.

ಕಾಫಿ ಕೊಡ್ತಾ ನಾನು ಎಣ್ಣೆಬಣ್ಣದಲ್ಲಿ ಯಾವ ಎಣ್ಣೆ ಇರುತ್ತೆ ಅಂತ ಕೇಳಿದೆ. "ಅಗಸೆ ಎಣ್ಣೆ ತಾಯಿ" ಅಂದರು. ಅಗಸೆ ಅಂದ್ರೆ ನನಗೆ ಗೊತ್ತಿದ್ದದ್ದು ಚಟ್ನಿಪುಡಿ ಮಾತ್ರ! ಬಣ್ಣದ ಪುಡಿಯನ್ನು ಆ ಎಣ್ಣೆಯಲ್ಲಿ ನುಣ್ಣಗೆ ಅರೀತಾರಂತೆ. ಅದು ನೀರಿನ ಹಾಗೆ ಆರಿಹೋಗುವುದಿಲ್ಲ. ಗಾಳಿಯಲ್ಲಿರುವ ಆಮ್ಲಜನಕವನ್ನು ಹೀರಿಕೊಂಡು ನಿಧಾನವಾಗಿ ಗಟ್ಟಿಯಾಗುತ್ತೆ. ಮುಟ್ಟಿದರೆ ಒಣಗಿದಂತೆ ಕಂಡರೂ ಒಳಗೆ ಪೂರ್ತಿ ಒಣಗೋಕೆ ತಿಂಗಳುಗಟ್ಟಲೆ ಬೇಕು. ಹಾಗಾಗಿ ಎಣ್ಣೆಬಣ್ಣದಲ್ಲಿ ಆತುರ ಇಲ್ಲ. ಇವತ್ತು ಸ್ವಲ್ಪ, ನಾಳೆ ಸ್ವಲ್ಪ, ಮನೆಗೆಲಸದ ಹಾಗೆ ಮಾಡಬಹುದು. ಇದೆಲ್ಲ ಹೇಳಿ ಕೊನೆಗೆ ಅವರು ಅಣ್ಣನ ಕಡೆ ತಿರುಗಿ, "ಸಹಿ ಇಲ್ಲ, ಹಿಂದೆ ಚೀಟಿ ಇಲ್ಲ. ಅರಮನೆ ಪೇಂಟರು ಅಂತ ನೀವು ಹೇಳ್ತಿದೀರಿ ಸ್ವಾಮಿ, ಚಿತ್ರ ಹೇಳ್ತಿಲ್ಲ" ಅಂದರು. ಅಣ್ಣನ ಮುಖ ಸಪ್ಪಗಾಯ್ತು. ಚಿತ್ರ ಮತ್ತೆ ಮೊಳೆಗೆ ಹೋಯ್ತು. ಆ ಮಾತು ಅಲ್ಲಿಗೇ ನಿಂತಿತು.

ಆಮೇಲೆ ನಾನು ಮಗಳ ಬಾಣಂತನಕ್ಕೆ ನ್ಯೂಜೆರ್ಸಿಗೆ ಹೋದೆ. ಅಲ್ಲಿ ಬಾಣಂತನ ಅಂದ್ರೆ ಗೊತ್ತಲ್ಲ, ಕಿಟಕಿ ಆಚೆ ಹಿಮ, ಕಿಟಕಿ ಈಚೆ ನಾನು, ಒಲೆ ಮೇಲೆ ಮೆಣಸಿನ ಸಾರು. ಮಗುವಿಗೆ ಮೂರು ತಿಂಗಳು ತುಂಬಿದ ಮೇಲೆ ಅಳಿಯ "ಅತ್ತೆ, ಒಂದು ದಿನವಾದ್ರೂ ಆಚೆ ಬನ್ನಿ" ಅಂತ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂಗೆ ಕರೆದುಕೊಂಡು ಹೋದ. ಅಷ್ಟು ದೊಡ್ಡ ಕಟ್ಟಡದಲ್ಲಿ ಎರಡು ಗಂಟೆ ಸುತ್ತುವಷ್ಟರಲ್ಲಿ ನನ್ನ ಮಂಡಿ ಮುಷ್ಕರ ಹೂಡಿತು. ಒಂದು ಕೋಣೆಯಲ್ಲಿ ಬೆಂಚು ಕಂಡು ಕೂತೆ. ಕೂತು ತಲೆ ಎತ್ತಿದರೆ ಎದುರಿಗೆ ಒಬ್ಬ ಹುಡುಗಿ ನನ್ನನ್ನೇ ನೋಡ್ತಿದ್ದಾಳೆ.

ದೊಡ್ಡ ಚಿತ್ರ. ಐದಡಿಗೂ ಎತ್ತರ, ನಾಲ್ಕಡಿಗೂ ಅಗಲ. ಬಿಳಿ ಉಡುಪಿನ ಹುಡುಗಿ ಕಿಟಕಿಗೆ ಬೆನ್ನು ಮಾಡಿ ಕೂತಿದ್ದಾಳೆ. ತೊಡೆಯ ಮೇಲೆ ದೊಡ್ಡ ಚಿತ್ರದ ಹಲಗೆ. ಅವಳೇ ಚಿತ್ರ ಬರೀತಿದ್ದಾಳೆ. ಬೆಳಕು ಹಿಂದಿನಿಂದ ಬರೋದರಿಂದ ಮುಖ ಅರೆ ನೆರಳಲ್ಲಿದೆ, ಕೂದಲ ಅಂಚು ಮಾತ್ರ ಹೊಳೆಯುತ್ತೆ. ಕಿಟಕಿಯ ಒಂದು ಗಾಜು ಒಡೆದಿದೆ. ಅದರಾಚೆ ದೂರದಲ್ಲಿ ಒಂದು ಗಂಡು, ಒಂದು ಹೆಣ್ಣು ನಿಂತಿದ್ದಾರೆ. ಅವಳಿಗೆ ಅವರ ಗೊಡವೆ ಇಲ್ಲ. ಅವಳ ಕಣ್ಣು ಎದುರಿಗೆ ಇರುವವರನ್ನು ಅಳೀತಾ ಇದೆ.

ಅಳಿಯ ಫೋನಿನಲ್ಲಿ ಹುಡುಕಿ ಒಂದೊಂದಾಗಿ ಓದಿ ಹೇಳಿದ. ಆಮೇಲೆ ಮನೆಗೆ ಬಂದು ಮಗು ಮಲಗಿದಾಗೆಲ್ಲ ನಾನೇ ಓದಿದೆ. ಚಿತ್ರ ಪ್ಯಾರಿಸಿನದು, 1801ರದು. ಹುಡುಗಿ ಮಾರಿ ಜೋಸೆಫೀನ್ ಷಾರ್ಲೊಟ್ ದು ವಾಲ್ ದೋನ್ಯ. 1786ರಲ್ಲಿ ಹುಟ್ಟಿದವಳು, ಅಂದ್ರೆ ಇಲ್ಲಿ ಹದಿನೈದು ವರ್ಷ. ಚಿತ್ರದ ಮೇಲೆ ಬರೆದವರ ಸಹಿ ಇಲ್ಲ. 1917ರಲ್ಲಿ ಐಸಾಕ್ ಫ್ಲೆಚರ್ ಅನ್ನುವವರ ಉಯಿಲಿನ ಮೂಲಕ ಇದು ಮ್ಯೂಸಿಯಂಗೆ ಬಂದಾಗ ಬರೆದವರು ಜಾಕ್ ಲೂಯಿ ದಾವೀದ್ ಅಂತ ಎಲ್ಲರೂ ನಂಬಿದ್ದರು. ದಾವೀದ್ ಅಂದ್ರೆ ಆ ಕಾಲದ ಫ್ರಾನ್ಸಿನ ಅತಿ ದೊಡ್ಡ ಹೆಸರು, ನೆಪೋಲಿಯನ್ನನ್ನು ಕುದುರೆ ಮೇಲೆ ಕೂರಿಸಿ ಬರೆದವನು. ಜನ ಮುಗಿಬಿದ್ದು ನೋಡಿದರು, ಹೊಗಳಿದರು.

1951ರಲ್ಲಿ ಚಾರ್ಲ್ಸ್ ಸ್ಟರ್ಲಿಂಗ್ ಅನ್ನುವ ವಿದ್ವಾಂಸ ಇದು ದಾವೀದ್ ಬರೆದದ್ದಲ್ಲ ಅಂತ ವಾದಿಸಿದ. 1801ರಲ್ಲಿ ಪ್ಯಾರಿಸಿನ ದೊಡ್ಡ ಚಿತ್ರಪ್ರದರ್ಶನದ ಗೋಡೆಗಳನ್ನು ತೋರಿಸುವ ಒಂದು ಅಚ್ಚುಚಿತ್ರ ಇದೆ. ಅದರಲ್ಲಿ ಈ ಹುಡುಗಿಯ ಚಿತ್ರವೂ ಕಾಣುತ್ತೆ. ಆದರೆ ಆ ವರ್ಷ ದಾವೀದ್ ಆ ಪ್ರದರ್ಶನಕ್ಕೆ ಚಿತ್ರ ಕೊಟ್ಟಿರಲೇ ಇಲ್ಲ! ಬರೆದವಳು ಕಾನ್‌ಸ್ಟಾನ್ಸ್ ಷಾರ್ಪಾಂತ್ಯೆ ಅನ್ನುವ ಹೆಂಗಸು ಇರಬಹುದು ಅಂತ ಸ್ಟರ್ಲಿಂಗ್ ಊಹಿಸಿದ. ಅದೇ ಬರಹದಲ್ಲೇ ಚಿತ್ರದ ಕುಂದುಗಳೂ ಕಾಣಿಸಿಕೊಂಡವು. ಮೈಯ ಅಳತೆ ಸರಿಯಿಲ್ಲ, ದೌರ್ಬಲ್ಯಗಳನ್ನು ಜಾಣತನದಿಂದ ಮರೆಮಾಡಿದೆ, ಇದರಲ್ಲಿ ಹೆಣ್ಣಿನ ಮನೋಧರ್ಮ ಇದೆ, ಹೀಗೆ. 1996ರಲ್ಲಿ ಮಾರ್ಗರೆಟ್ ಓಪನ್‌ಹೈಮರ್ ಅನ್ನುವ ಸಂಶೋಧಕಿ ಮೂರನೆಯ ಹೆಸರು ಹೇಳಿದರು: ಮಾರಿ ದೆನಿಸ್ ವಿಲೆರ್. 1774ರಲ್ಲಿ ಹುಟ್ಟಿದವಳು, ಅವಳ ಅಕ್ಕಂದಿರೂ ಚಿತ್ರಗಾರ್ತಿಯರೇ. ಈಗ ಮ್ಯೂಸಿಯಂನ ಫಲಕದಲ್ಲಿರುವುದು ಅವಳ ಹೆಸರೇ.

ಬಟ್ಟೆ ಅದೇ, ಬಣ್ಣ ಅದೇ, ಒಡೆದ ಗಾಜೂ ಅದೇ. ಎರಡು ಸಲ ಹೆಸರು ಬದಲಾಯ್ತು, ಹೆಸರಿನ ಜೊತೆ ಜನರ ಕಣ್ಣೂ ಬದಲಾಯ್ತು. ಇದನ್ನು ಓದಿ ನನಗೆ ನಗು ಬಂತು. ನಮ್ಮ ಮೈಸೂರಿನವರಿಗೆ ಇದು ಹೊಸದೇನಲ್ಲ. ಜಗನ್ಮೋಹನ ಅರಮನೆಯಲ್ಲಿ ಕೈಯಲ್ಲಿ ದೀಪ ಹಿಡಿದು, ಬೆಳಕಿಗೆ ಇನ್ನೊಂದು ಕೈ ಅಡ್ಡ ಹಿಡಿದು ನಿಂತ ಹುಡುಗಿಯ ಚಿತ್ರ ಇದೆಯಲ್ಲ, ಅದನ್ನು ಎಷ್ಟೋ ಜನ ಇವತ್ತಿಗೂ ರವಿವರ್ಮನದು ಅಂತಾರೆ. ನಾನೂ ಟೀಚರಾಗಿದ್ದಾಗ ಮಕ್ಕಳನ್ನು ಪ್ರವಾಸ ಕರೆದುಕೊಂಡು ಹೋಗಿ ಹಾಗೇ ಹೇಳಿದ್ದೆ. ನಿಜವಾಗಿ ಅದನ್ನು ಬರೆದವರು ಎಸ್.ಎಲ್. ಹಳದಣಕರ್, ಅದೂ ಜಲವರ್ಣದಲ್ಲಿ, 1940ರ ದಶಕದಲ್ಲಿ. ದೀಪ ಹಿಡಿದು ನಿಂತವಳು ಅವರ ಮಗಳು ಗೀತಾ. ರವಿವರ್ಮ ತೀರಿಕೊಂಡದ್ದೇ 1906ರಲ್ಲಿ. ಪಾಪ, ಹಳದಣಕರ್ ಅವರ ಹೆಸರು ಫಲಕದಲ್ಲಿದ್ದರೂ ನಮಗೆ ಕಾಣಲಿಲ್ಲ.

ಆದರೆ ನನ್ನನ್ನು ಕಾಡಿದ್ದು ಇದಲ್ಲ. ಆ ಬೆಂಚಿನ ಮೇಲೆ ಕೂತಾಗ ಅಳಿಯ ತಮಾಷೆಗೆ ಒಂದು ಮಾತು ಹೇಳಿದ್ದ: "ಇವಳು ನಮ್ಮನ್ನ ನೋಡ್ತಾ ಇಲ್ಲ ಅತ್ತೆ. ಎದುರಿಗೆ ಕೂತು ತನ್ನ ಚಿತ್ರ ಬರೀತಿರೋರನ್ನ ನೋಡ್ತಿದ್ದಾಳೆ. ಅವರು ಇವಳನ್ನ ಬರೀತಿದಾರೆ, ಇವಳು ಅವರನ್ನ ಬರೀತಿದಾಳೆ." ಹೌದಲ್ಲ ಅನ್ನಿಸಿತು. ನಾವು ಯಾವಾಗಲೂ ಚಿತ್ರದಲ್ಲಿ ಇರುವವರನ್ನು ನೋಡ್ತೀವಿ. ಚಿತ್ರದಲ್ಲಿ ಇರುವವರು ಯಾರನ್ನು ನೋಡ್ತಿದ್ದಾರೆ ಅಂತ ಕೇಳೋದಿಲ್ಲ.

ಆ ರಾತ್ರಿ ನಿದ್ದೆ ಬರಲಿಲ್ಲ. ನಮ್ಮಜ್ಜಿ ಯಾರನ್ನು ನೋಡ್ತಿದ್ದಳು?

1936ರ ಮೈಸೂರು. ಅಗ್ರಹಾರದ ಮನೆ. ಹದಿನೆಂಟರ ಹೊಸ ಸೊಸೆ, ಅತ್ತೆ ಮಾವ ಇರುವ ಮನೆ. ಗುರುತಿಲ್ಲದ ಗಂಡಸೊಬ್ಬ ಎದುರಿಗೆ ಕೂತಿದ್ದರೆ ಅವಳು ಸೆರಗು ಹೊದ್ದು, ಕಣ್ಣು ತಗ್ಗಿಸಿ, ಮದುವೆ ಫೋಟೊದ ಹಾಗೆ ಬಿಗಿಯಾಗಿ ಕೂರಬೇಕಿತ್ತು. ಇವಳೋ, ಜೊತೆ ಓರಗೆಯವಳ ಹತ್ತಿರ ಪಿಸುಮಾತು ಆಡುವ ಹಾಗೆ ನೋಡ್ತಿದ್ದಾಳೆ.

ಊರಿಗೆ ಬಂದ ವಾರದಲ್ಲೇ ಮೈಸೂರಿಗೆ ಹೋದೆ. ಮನೆ ಇನ್ನೂ ಕೊಂಡವರ ಕೈಗೆ ಹೋಗಿರಲಿಲ್ಲ. ಚಿತ್ರದಲ್ಲಿರುವ ಕಿಟಕಿ ನಡುಮನೆಯದೇ, ಅದು ನಮಗೆಲ್ಲ ಗೊತ್ತಿತ್ತು. ಚಿತ್ರವನ್ನು ಮೊದಲ ಸಲ ಅನ್ನುವ ಹಾಗೆ ನೋಡಿದೆ. ಕಿಟಕಿ ಕಟ್ಟೆಯ ಮೇಲ್ಭಾಗ ಅದರಲ್ಲಿ ಕಾಣೋದೇ ಇಲ್ಲ. ಕೆಳಗಿನ ಅಂಚು ಕಾಣುತ್ತೆ. ಮೇಲೆ ಮಾಡಿನ ತೊಲೆ ಕಾಣುತ್ತೆ. ನಿಂತು ನೋಡಿದೆ, ಹಾಗೆ ಕಾಣಲಿಲ್ಲ. ಕುರ್ಚಿ ಹಾಕಿಕೊಂಡು ಕೂತೆ, ಆಗಲೂ ಕಟ್ಟೆಯ ಮೇಲಿನ ಕಲ್ಲು ಕಾಣ್ತಿತ್ತು. ಕೊನೆಗೆ ಗೋಡೆ ಹಿಡಿದುಕೊಂಡು ನೆಲದ ಮೇಲೆ ಕೂತೆ. ಕೂತಲ್ಲೇ ಸ್ವಲ್ಪ ಸ್ವಲ್ಪ ಸರಿದೆ. ಒಂದು ಕಡೆ ಬಂದಾಗ ಕಿಟಕಿ, ಕಟ್ಟೆ, ತೊಲೆ ಮೂರೂ ಚಿತ್ರದಲ್ಲಿದ್ದ ಹಾಗೇ ಕೂಡಿಕೊಂಡವು. ನಾನು ಅಡುಗೆಮನೆಯ ಹೊಸ್ತಿಲಿಗೆ ಒರಗಿ ಕೂತಿದ್ದೆ.

ಆ ಹೊಸ್ತಿಲಲ್ಲಿ ಕೂರುತ್ತಿದ್ದವರು ನಮ್ಮ ಮನೆಯಲ್ಲಿ ಒಬ್ಬರೇ. ಚಿಕ್ಕಜ್ಜಿ.

ಚಿಕ್ಕಜ್ಜಿ ತಾತನ ತಂಗಿ. ಅಜ್ಜಿಗಿಂತ ಎರಡು ವರ್ಷಕ್ಕೆ ಚಿಕ್ಕವಳು. ಹದಿನಾಲ್ಕಕ್ಕೇ ಗಂಡ ತೀರಿಕೊಂಡು ತವರಿಗೆ ಬಂದವಳು ಮತ್ತೆ ಆ ಮನೆ ದಾಟಲಿಲ್ಲ. ಮಡಿ ಹೆಂಗಸು. ನಾವು ಹುಟ್ಟುವಾಗಲೇ ಅವಳು ಅಡುಗೆಮನೆಯ ಒಂದು ಭಾಗ ಆಗಿಹೋಗಿದ್ದಳು, ಒಲೆ, ಒರಳು, ಚಿಕ್ಕಜ್ಜಿ ಅನ್ನೋ ಹಾಗೆ. ಹಬ್ಬಕ್ಕೆ ಬಾಗಿಲ ಮುಂದೆ ರಂಗೋಲಿ ಹಾಕುವುದಕ್ಕೂ ಅವಳನ್ನು ಕರೀತಿರಲಿಲ್ಲ. ಆಗಿನ ಕಟ್ಟಳೆ ಹಾಗಿತ್ತು.

ಆದರೆ ಅವಳಿಗೆ ಚಿತ್ರ ಬರ್ತಿತ್ತು. ಇದು ನನಗೆ ಗೊತ್ತಿತ್ತು! ಗೊತ್ತಿದ್ದೂ ನಲವತ್ತೈದು ವರ್ಷ ಅದನ್ನು ಈ ಪಟದ ಪಕ್ಕ ಇಟ್ಟು ನೋಡಿರಲಿಲ್ಲ. 1977ರಲ್ಲಿ ನಾನು ಪಿಯುಸಿ. ಜೀವಶಾಸ್ತ್ರದ ರೆಕಾರ್ಡಿಗೆ ಚಿತ್ರ ಬರೀಬೇಕು, ನನಗೆ ಕೈ ಬರದು. ಅಳ್ತಾ ಕೂತಿದ್ದಾಗ ಚಿಕ್ಕಜ್ಜಿ "ಅಲ್ಲೇ ನೆಲದ ಮೇಲೆ ಇಡು, ಮುಟ್ಟಬೇಡ" ಅಂದಳು. ಪೆನ್ಸಿಲ್ ತಗೊಂಡು ಪುಸ್ತಕ ನೋಡಿಕೊಂಡು ಜಿರಲೆಯ ಜೀರ್ಣಾಂಗ ಬರೆದಳು. "ಥೂ, ಇದರ ಹೊಟ್ಟೆ ಸೀಳಿ ಏನು ನೋಡ್ತೀರೇ" ಅಂತ ಬೈಕೊಂಡೇ ಬರೆದಳು. ಒಂದು ಗೆರೆ ಅಳಿಸಲಿಲ್ಲ. ಆಮೇಲೆ ಕಪ್ಪೆ, ಎರೆಹುಳ, ದಾಸವಾಳದ ಉದ್ದ ಸೀಳು ನೋಟ, ಎಲ್ಲ ಅವಳದೇ. ಕಾಲೇಜಿನಲ್ಲಿ ಮೇಡಂ ನನ್ನ ರೆಕಾರ್ಡನ್ನು ಇಡೀ ತರಗತಿಗೆ ತೋರಿಸಿದರು. ಹೊದಿಕೆ ಮೇಲೆ ನನ್ನ ಹೆಸರು. ನಾನು ತಲೆ ತಗ್ಗಿಸಿ ನಾಚಿಕೊಂಡೆ, ಬರೆದವಳು ನಾನೇ ಅನ್ನೋ ಹಾಗೆ. ಮನೆಗೆ ಬಂದು ಚಿಕ್ಕಜ್ಜಿಗೆ ಹೇಳಲೂ ಇಲ್ಲ.

ಮರುವರ್ಷ ಅವಳು ತೀರಿಕೊಂಡಳು. ವೈಕುಂಠ ಸಮಾರಾಧನೆ ಮುಗಿದ ಮೇಲೆ ಅವಳ ಕೋಣೆ ಗುಡಿಸುವ ಕೆಲಸ ನನಗೆ ಬಂತು. ಒಂದು ಟ್ರಂಕು. ಎರಡು ಸೀರೆ, ಒಂದು ಸ್ತೋತ್ರದ ಪುಸ್ತಕ. ಒಂದು ಬಿಸ್ಕೆಟ್ ಡಬ್ಬಿಯಲ್ಲಿ ಕಲ್ಲಿನ ಹಾಗೆ ಗಟ್ಟಿಯಾದ ನಾಲ್ಕಾರು ಬಣ್ಣದ ಟ್ಯೂಬು, ಕೂದಲು ಅಂಟಿಹೋದ ಎರಡು ಕುಂಚ. ಯಾರನ್ನೋ ಕೇಳಿದೆ. "ಆ ಪೇಂಟರು ಬಿಟ್ಟುಹೋಗಿದ್ದಿರಬೇಕು, ಬಿಸಾಕು" ಅಂದರು. ಬಟ್ಟೆಯಲ್ಲಿ ಸುತ್ತಿದ ಒಂದು ಕಟ್ಟು ಕಾಗದವೂ ಇತ್ತು. ಎಣ್ಣೆ ಹತ್ತಿ ಜಿಡ್ಡುಜಿಡ್ಡಾಗಿತ್ತು. ಕರಿದ ತಿಂಡಿ ಕಟ್ಟಿದ್ದ ಕಾಗದ ಅಂದುಕೊಂಡು ಬಚ್ಚಲಿನ ಹಂಡೆ ಒಲೆಗೆ ಹಾಕಿದೆ. ಚೆನ್ನಾಗಿ ಉರಿಯಿತು. ಒಂದೇ ಒಂದು ಹಾಳೆಯನ್ನೂ ಬಿಚ್ಚಿ ನೋಡಲಿಲ್ಲ.

ಅದರಲ್ಲಿ ಏನಿತ್ತೋ ಯಾರು ಬಲ್ಲರು. ಏನೂ ಇಲ್ಲದೆಯೂ ಇರಬಹುದು. ಆದರೆ ಈಗ ಆ ಚಿತ್ರ ಚಿಕ್ಕಜ್ಜಿಯದು ಅಂತ ಹೇಳೋಕೆ ನನ್ನ ಹತ್ತಿರ ಪುರಾವೆ ಇಲ್ಲ, ಇದ್ದಿರಬಹುದಾದ ಪುರಾವೆಯನ್ನು ಸ್ನಾನದ ನೀರು ಕಾಯಿಸೋಕೆ ಬಳಸಿದವಳು ನಾನೇ. ಇದನ್ನು ಇಲ್ಲಿಯವರೆಗೆ ಮನೆಯವರ ಹತ್ತಿರವೂ ಹೇಳಿರಲಿಲ್ಲ.

ಅಣ್ಣ ತಮ್ಮನನ್ನು ಕೂರಿಸಿ ನನ್ನ ಊಹೆ ಹೇಳಿದೆ. ತಮ್ಮ ಸುಮ್ಮನಿದ್ದ. ಅಣ್ಣ ಎದ್ದು ಚಿತ್ರದ ಹತ್ತಿರ ಹೋದ, ಕನ್ನಡಕ ಏರಿಸಿ ನೋಡಿದ. "ಕೈ ಸ್ವಲ್ಪ ದೊಡ್ಡದಾಯ್ತಲ್ವಾ? ಕತ್ತೂ ಉದ್ದ ಇದೆ. ಹೌದು, ಕಲಿತವರ ಕೈ ಅಲ್ಲ ಬಿಡು" ಅಂದ. ಅರವತ್ತೆಂಟು ವರ್ಷ ಆ ಚಿತ್ರದ ಕೆಳಗೆ ಊಟ ಮಾಡಿದವನಿಗೆ ಕೈ ದೊಡ್ಡದು ಅಂತ ಕಂಡದ್ದು ಆ ದಿನ. ನನಗೆ ನ್ಯೂಯಾರ್ಕ್ ನೆನಪಾಯ್ತು. ಜಗಳ ಆಡಲಿಲ್ಲ. "ಹಾಗಾದ್ರೆ ನನಗೇ ಕೊಟ್ಟುಬಿಡು" ಅಂದೆ. ಕೊಟ್ಟ.

ಅಣ್ಣನ ಕಡೆಯ ಮಾತನ್ನೂ ಹೇಳಬೇಕು. ನೆಲದ ಮೇಲೆ ಚಕ್ಕಂಬಕ್ಕಲ ಹಾಕಿ ಕೂತು ಬರೆಯುವ ಚಿತ್ರಗಾರರೂ ಇರ್ತಾರೆ. ಅಜ್ಜಿ ಧೈರ್ಯದ ಹುಡುಗಿ, ಯಾರನ್ನಾದರೂ ನೇರವಾಗಿ ನೋಡಿರಬಹುದು. ನನ್ನದು ಊಹೆಯೇ. ಆದರೆ ಅರಮನೆ ಪೇಂಟರೂ ಊಹೆಯೇ ಅಲ್ವಾ? ಆ ಊಹೆಗೆ ಯಾರೂ ಪುರಾವೆ ಕೇಳಲಿಲ್ಲ.

ಚಿತ್ರ ಈಗ ಬೆಂಗಳೂರಿನ ನಮ್ಮ ಮನೆಯಲ್ಲಿದೆ. ರಿಪೇರಿಯವರು ಹೇಳಿದಂತೆ ಅಡುಗೆಮನೆ ಹೊಗೆ, ನೇರ ಬಿಸಿಲು ಎರಡೂ ತಾಗದ ಗೋಡೆಗೆ ಹಾಕಿದ್ದೀನಿ. ಒದ್ದೆ ಬಟ್ಟೆಯಲ್ಲಿ ಒರೆಸಬಾರದು, ಆಲೂಗಡ್ಡೆ ಉಜ್ಜಿದರೆ ಹೊಳೆಯುತ್ತೆ ಅಂತ ಯಾರಾದರೂ ಹೇಳಿದರೆ ಕೇಳಬಾರದು. ನಿಮ್ಮ ಮನೆಯಲ್ಲೂ ಇಂಥ ಹಳೆಯ ಚಿತ್ರವೋ, ಕಸೂತಿಯೋ, ಮಣಿಯ ತೋರಣವೋ ಇದ್ದರೆ, ಹೇಳುವವರು ಬದುಕಿರುವಾಗಲೇ ಮಾಡಿದವರು ಯಾರು ಅಂತ ಕೇಳಿ ಬರೆದಿಡಿ. "ಯಾರೋ" ಅಂತ ನಕ್ಕರೆ ಇನ್ನೊಂದು ಸಲ ಕೇಳಿ. ನಾನು ಕೇಳಲಿಲ್ಲ.

ಬಟ್ಟೆಯ ಮೇಲೆ ಏನೂ ಬರೆಯಬಾರದಂತೆ. ಹಾಗಾಗಿ ಹಿಂದಿನ ಮರದ ಚೌಕಟ್ಟಿಗೆ ಒಂದು ಚೀಟಿ ಕಟ್ಟಿದ್ದೀನಿ. ಪೆನ್ಸಿಲಿನಲ್ಲಿ ಬರೆದೆ, ನಾಳೆ ಯಾರಾದರೂ ಬೇರೆ ಹೆಸರು ಹುಡುಕಿದರೆ ತಿದ್ದಲಿ ಅಂತ.

"ಕೂತವರು: ನಮ್ಮಜ್ಜಿ. 1936ರ ಸುಮಾರು. ಬರೆದವರು: ಚಿಕ್ಕಜ್ಜಿ ಇರಬಹುದು."

ಅದರ ಕೆಳಗೆ ಇನ್ನೊಂದು ಸಾಲು ಸೇರಿಸಿದೆ. ಅದನ್ನು ಮಾತ್ರ ಪೆನ್ನಿನಲ್ಲೇ ಬರೆದೆ. "1977ರ ನನ್ನ ಪಿಯುಸಿ ರೆಕಾರ್ಡಿನ ಚಿತ್ರಗಳೂ ಅವಳವೇ. ಇದು ಖಚಿತ."